ಎಲ್ಲೆ ದಾಟಿದ ಕಳ್ಳ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ನನ್ನ ಅಧ್ಯಾಪಕ ವೃತ್ತಿ ಈ ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿಯೇ ಕಳೆಯಿತು. ಆದ್ದರಿಂದ ಇಂದಿಗೂ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಈ ಸೀಮೆಯ ಹಳೆಯ ವಿದ್ಯಾರ್ಥಿಗಳವು, ಉಳಿದವು ಬಂಧುಗಳವು. ಮೊದಲೆಲ್ಲ ಮದುವೆ, ಗೃಹಪ್ರವೇಶ, ಮಳೆ ಬೆಳೆಗಳ ಸುದ್ದಿ ಇರುತ್ತಿತ್ತು. ಈಚಿನ ಕೆಲವು ವರ್ಷಗಳಿಂದ ಅವುಗಳ ನಡುವೆ ಒಂದು ಪ್ರಶ್ನೆ ಮತ್ತೆ ಮತ್ತೆ ಬರತೊಡಗಿದೆ. "ಮೇಷ್ಟ್ರೇ, ಕಳ್ಳ ಮಾತನಾಡಿದ ಫೋನ್ ನಂಬರು ನಮ್ಮಲ್ಲಿದೆ. ಹಣ ಹೋಗಿ ಸೇರಿದ ಖಾತೆಯ ನಂಬರೂ ಇದೆ. ಆದರೂ ಪೊಲೀಸರಿಗೆ ಅವನನ್ನು ಹಿಡಿಯಲು ಏಕೆ ಆಗುತ್ತಿಲ್ಲ?"

ಪ್ರಶ್ನೆ ನ್ಯಾಯವಾದದ್ದೇ. ನಾನು ಪೊಲೀಸನಲ್ಲ, ವಕೀಲನಲ್ಲ, ಕಂಪ್ಯೂಟರ್ ವಿದ್ಯೆಯನ್ನು ಕಲಿತವನೂ ಅಲ್ಲ. ಇತಿಹಾಸವನ್ನು ಪಾಠ ಮಾಡಿದವನು. ಹಾಗಾಗಿ ನನಗೆ ತಿಳಿದ ದಾರಿಯಿಂದಲೇ, ಅಂದರೆ ಇತಿಹಾಸದ ದಾರಿಯಿಂದಲೇ, ಈ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವನ್ನು ಇಲ್ಲಿ ಮಾಡಿದ್ದೇನೆ. ಉತ್ತರ ಸ್ವಲ್ಪ ದೀರ್ಘವಾಗಿದೆ. ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ನಮ್ಮ ಹಳೆಯ ಮೈಸೂರು ಸೀಮೆಯ ಗ್ರಾಮಗಳಲ್ಲಿ ಹನ್ನೆರಡು ಮಂದಿ ಆಯಗಾರರಿದ್ದ ವಿಷಯವನ್ನು ನೀವೆಲ್ಲ ತರಗತಿಯಲ್ಲಿ ಓದಿದ್ದೀರಿ. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ ಮೊದಲಾದ ಇವರು ಊರಿನ ಕೆಲಸಕ್ಕೆ ಪ್ರತಿಫಲವಾಗಿ ಬೆಳೆಯಲ್ಲಿ ಒಂದು ಪಾಲನ್ನು ಆಯವಾಗಿ ಪಡೆಯುತ್ತಿದ್ದರು. ಮೈಸೂರಿನ ಇತಿಹಾಸವನ್ನು ಬರೆದು 1810ರಲ್ಲಿ ಅದರ ಮೊದಲ ಸಂಪುಟವನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಈ ಹನ್ನೆರಡು ಮಂದಿಯ ಪಟ್ಟಿಯನ್ನು ಕೊಡುತ್ತಾ, ಅಪರಾಧಗಳ ಸುಳಿವು ಸಂಗ್ರಹಿಸುವುದು ಮತ್ತು ದಾರಿಹೋಕರಿಗೆ ಬೆಂಗಾವಲಾಗಿ ಹೋಗುವುದು ತಳವಾರನ ಕೆಲಸವೆಂದು ತಿಳಿಸಿದ್ದಾನೆ. ಭಾರತದ ಹಲವು ಸೀಮೆಗಳ ಗ್ರಾಮಕಾವಲಿನಲ್ಲಿ ಒಂದು ಕಟ್ಟಳೆ ರೂಢಿಯಲ್ಲಿತ್ತು. ಊರಿನಲ್ಲಿ ದನ ಕಳುವಾದರೆ ಕಾವಲುಗಾರನು ಹೆಜ್ಜೆಯ ಜಾಡನ್ನು ಹಿಡಿದು ಹೋಗಬೇಕು. ಜಾಡು ಊರಿನ ಎಲ್ಲೆಯನ್ನು ದಾಟಿ ಪಕ್ಕದ ಊರನ್ನು ಹೊಕ್ಕಿತೆಂದು ತೋರಿಸಿಕೊಟ್ಟರೆ ಅವನ ಹೊಣೆ ಅಲ್ಲಿಗೆ ಮುಗಿಯಿತು. ಅಲ್ಲಿಂದ ಮುಂದಿನದು ಆ ಊರಿನವನ ಹೊಣೆ. ಅವನು ಜಾಡನ್ನು ಮುಂದಕ್ಕೆ ತೋರಿಸಬೇಕು, ಇಲ್ಲವೇ ಕಳುವಾದ ಮಾಲಿಗೆ ಉತ್ತರ ಹೇಳಬೇಕು.

ಈ ಕಟ್ಟಳೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಕಳ್ಳನ ಜಾಡು ನೆಲದ ಮೇಲೆ ಇರುತ್ತದೆ ಎಂಬುದು ಇದರ ಮೊದಲನೆಯ ಆಧಾರ. ಎರಡನೆಯದು, ಆ ನೆಲಕ್ಕೆ ಎಲ್ಲೆಕಲ್ಲು ಇರುತ್ತದೆ ಎಂಬುದು. ಮೂರನೆಯದು, ಎಲ್ಲೆಯ ಆಚೆಗೆ ಹೊಣೆ ಹೊರುವ ಇನ್ನೊಬ್ಬ ಮನುಷ್ಯ ಇದ್ದೇ ಇರುತ್ತಾನೆ ಎಂಬುದು. ಇವುಗಳ ಜೊತೆಗೆ, ಯಾರೂ ಬರೆದಿಡದಿದ್ದರೂ ಎಲ್ಲರಿಗೂ ತಿಳಿದಿದ್ದ ನಾಲ್ಕನೆಯ ಸಂಗತಿಯೊಂದಿತ್ತು. ಗಾಳಿ ಬೀಸುವ ಮೊದಲು, ಮಳೆ ಬೀಳುವ ಮೊದಲು ಹೊರಡಬೇಕು. ಬೆಳಗಾದ ಮೇಲೆ ನೋಡೋಣವೆಂದು ಮಲಗಿದವನಿಗೆ ಜಾಡು ಸಿಕ್ಕುತ್ತಿರಲಿಲ್ಲ.

ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ನಮ್ಮ ರಾಜ್ಯದಲ್ಲಿ 1961ರ ಕಾಯಿದೆಯೊಂದು ರದ್ದು ಮಾಡಿತು. ತಳವಾರಿಕೆ ಹೋಯಿತು, ಆದರೆ ತಳವಾರನ ಕಟ್ಟಳೆ ಹೋಗಲಿಲ್ಲ. ಇಂದಿನ ಪೊಲೀಸ್ ಠಾಣೆಗೂ ಸರಹದ್ದು ಇದೆ. ದೂರು ಕೊಡಲು ಹೋದವರನ್ನು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, "ಘಟನೆ ಎಲ್ಲಿ ನಡೆಯಿತು?" ಎಂಬುದು. ಅಪರಾಧ ನಡೆದ ಸ್ಥಳದ ನ್ಯಾಯಾಲಯವೇ ಸಾಮಾನ್ಯವಾಗಿ ಅದನ್ನು ವಿಚಾರಿಸಬೇಕೆಂಬುದು ದಂಡಪ್ರಕ್ರಿಯೆಯ ಮೂಲ ನಿಯಮ. ಪಾವಗಡದವರಿಗೆ ಈ ಎಲ್ಲೆಯ ತೊಡಕು ಚೆನ್ನಾಗಿ ಗೊತ್ತು. ಆ ತಾಲ್ಲೂಕನ್ನು ಬಹುಪಾಲು ಆಂಧ್ರಪ್ರದೇಶದ ನೆಲವೇ ಸುತ್ತುವರಿದಿದೆ. ಇಲ್ಲಿ ಕದ್ದವನು ಮಡಕಶಿರಾಕ್ಕೋ ಹಿಂದೂಪುರಕ್ಕೋ ದಾಟಿದರೆ ಬೇರೆ ರಾಜ್ಯದ ಪೊಲೀಸರ ನೆರವು ಬೇಡಬೇಕು. ಆದರೂ ಅಲ್ಲಿ ಒಂದು ರಸ್ತೆ ಇತ್ತು, ರಸ್ತೆಯ ಕೊನೆಯಲ್ಲಿ ಒಂದು ಊರು ಇತ್ತು, ಊರಿನಲ್ಲಿ ಒಂದು ಠಾಣೆ ಇತ್ತು. ಕಳ್ಳನೆಂಬವನು ಎಲ್ಲಾದರೂ ಒಂದು ಕಡೆ ಕಾಲೂರಿ ನಿಂತಿರಲೇಬೇಕಿತ್ತು.

ಸುದ್ದಿ ಮನುಷ್ಯನ ಕಾಲಿಗಿಂತ ವೇಗವಾಗಿ ಓಡಲು ಕಲಿತಂದಿನಿಂದ ಈ ಕಟ್ಟಳೆ ಸಡಿಲವಾಗತೊಡಗಿತು. ಅದು ಇಂಟರ್‌ನೆಟ್‌ನ ಕಾಲದಲ್ಲಿ ಆರಂಭವಾದದ್ದಲ್ಲ. ಫ್ರಾನ್ಸ್ ದೇಶದಲ್ಲಿ ವಿದ್ಯುತ್ ತಂತಿಗೂ ಮೊದಲು, ಗೋಪುರಗಳ ಮೇಲೆ ಮರದ ತೋಳುಗಳನ್ನು ಆಡಿಸಿ ಸಂಕೇತ ಕಳುಹಿಸುವ ವ್ಯವಸ್ಥೆಯೊಂದು ಇತ್ತು. ಅದು ಸರ್ಕಾರದ ಕೆಲಸಕ್ಕೆ ಮಾತ್ರ ಮೀಸಲು. ಬೋರ್ಡೋ ನಗರದ ಬ್ಲಾಂಕ್ ಸೋದರರಿಬ್ಬರು 1834ರಲ್ಲಿ ಈ ವ್ಯವಸ್ಥೆಯ ಒಬ್ಬ ನೌಕರನಿಗೆ ಲಂಚ ಕೊಟ್ಟು, ಸರ್ಕಾರಿ ಸಂದೇಶಗಳ ನಡುವೆ ಬೇಕೆಂದೇ ಒಂದು ತಪ್ಪು ಸಂಕೇತವನ್ನು ಸೇರಿಸುವಂತೆ ಮಾಡಿದರು. ಆ ತಪ್ಪನ್ನು ನೋಡಿ, ಪ್ಯಾರಿಸ್ಸಿನ ಸಾಲಪತ್ರಗಳ ಬೆಲೆ ಏರಿತೋ ಇಳಿಯಿತೋ ಎಂಬುದನ್ನು ಅಂಚೆಗಾಡಿ ಬರುವ ಮೊದಲೇ ತಿಳಿದು ವ್ಯಾಪಾರ ಮಾಡಿದರು. ಸುಮಾರು ಎರಡು ವರ್ಷ ಯಾರಿಗೂ ತಿಳಿಯಲಿಲ್ಲ. 1836ರಲ್ಲಿ ಸಿಕ್ಕಿಬಿದ್ದರು. ಆದರೆ ವಿಚಾರಣೆಯ ಹೊತ್ತಿಗೆ ಒಂದು ವಿಚಿತ್ರ ತೊಡಕು ಎದುರಾಯಿತು. ಈ ಕೃತ್ಯವನ್ನು ನಿಷೇಧಿಸುವ ಕಾನೂನೇ ದೇಶದಲ್ಲಿ ಇರಲಿಲ್ಲ! 1837ರಲ್ಲಿ ಕಾನೂನು ಬಂದಿತು. ಮೊದಲು ಹೊಸ ದಾರಿ, ಆಮೇಲೆ ಆ ದಾರಿಯಲ್ಲಿ ಕಳ್ಳ, ಕೊನೆಗೆ ಕಾನೂನು. ಈ ಅನುಕ್ರಮವನ್ನು ನೆನಪಿಡಿ. ಮುಂದೆಯೂ ಇದೇ ಬರುತ್ತದೆ.

ಹಾಗೆಂದು ಹೊಸ ದಾರಿ ಕಳ್ಳನಿಗೆ ಮಾತ್ರ ಸಲ್ಲುವುದಿಲ್ಲ. ಇಂಗ್ಲೆಂಡಿನಲ್ಲಿ 1845ರ ಜನವರಿ 1ರಂದು ಸ್ಲೌ ಎಂಬ ಊರಿನ ಬಳಿ ಜಾನ್ ಟಾವೆಲ್ ಎಂಬಾತ ಒಬ್ಬ ಹೆಂಗಸಿಗೆ ವಿಷವಿಕ್ಕಿ ಕೊಂದು ಲಂಡನ್ನಿನ ರೈಲು ಹತ್ತಿದ. ರೈಲಿಗಿಂತ ವೇಗವಾದದ್ದು ಯಾವುದೂ ಇಲ್ಲವೆಂದು ನಂಬಿದ್ದ ಕಾಲ ಅದು. ಆದರೆ ರೈಲು ಹಳಿಯ ಪಕ್ಕದಲ್ಲಿ ಆಗಷ್ಟೇ ವಿದ್ಯುತ್ ತಂತಿಯನ್ನು ಎಳೆದಿದ್ದರು. ಅವನ ಉಡುಪಿನ ವರ್ಣನೆ ತಂತಿಯ ಮೂಲಕ ಅವನಿಗಿಂತ ಮೊದಲೇ ಪ್ಯಾಡಿಂಗ್ಟನ್ ನಿಲ್ದಾಣವನ್ನು ತಲುಪಿತು. ಅವನನ್ನು ಹಿಂಬಾಲಿಸಿ ಮರುದಿನ ಬಂಧಿಸಿದರು. ತಂತಿ ಇಲ್ಲಿ ತಳವಾರನಾಗಿ ದುಡಿದಿತ್ತು. ನಮ್ಮ ದೇಶದಲ್ಲಿಯೂ 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚಿನ ಕಚೇರಿ ತೆರೆದಾಗ, ಹೆಜ್ಜೆಯ ಜಾಡಿಗಿಂತ ನಂಬಬಹುದಾದ ಜಾಡೊಂದು ಪೊಲೀಸರಿಗೆ ದೊರೆಯಿತು. ಹೀಗೆ ಕಳ್ಳನೂ ತಳವಾರನೂ ಒಬ್ಬರನ್ನೊಬ್ಬರು ಹಿಂದೆ ಹಾಕುತ್ತಾ ಬಂದದ್ದೇ ಅಪರಾಧದ ಇತಿಹಾಸ.

ಇನ್ನು ನಮ್ಮ ಕಾಲಕ್ಕೆ ಬರೋಣ. ಭಾರತದ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು. ಅದರಲ್ಲಿ ನಡೆಯುವ ಅಪರಾಧಗಳನ್ನು ಕುರಿತ ಮಾಹಿತಿ ತಂತ್ರಜ್ಞಾನ ಕಾಯಿದೆ ಜಾರಿಗೆ ಬಂದದ್ದು 2000ದ ಅಕ್ಟೋಬರ್ 17ರಂದು. ನಡುವಿನ ಐದು ವರ್ಷ ಹಳೆಯ ಕಾನೂನುಗಳಿಂದಲೇ ಕಾಲ ದೂಡಬೇಕಾಯಿತು. ಬ್ಲಾಂಕ್ ಸೋದರರ ಅನುಕ್ರಮ ಇಲ್ಲಿಯೂ ತಪ್ಪಲಿಲ್ಲ. ಆದರೆ ಕರ್ನಾಟಕ ಒಂದು ವಿಷಯದಲ್ಲಿ ಮುಂದಿತ್ತೆಂದು ಅಭಿಮಾನದಿಂದ ಹೇಳಬಹುದು. 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೈಬರ್ ಅಪರಾಧ ಪೊಲೀಸ್ ಠಾಣೆ ದೇಶದಲ್ಲಿಯೇ ಮೊದಲನೆಯದು. ಇಡೀ ರಾಜ್ಯವೇ ಅದರ ಸರಹದ್ದು. ಎಲ್ಲೆಕಲ್ಲನ್ನು ಕಿತ್ತು ರಾಜ್ಯದ ಗಡಿಗೆ ನೆಟ್ಟಂತಾಯಿತು. ಆದರೆ ಪಾವಗಡದ ರೈತನೊಬ್ಬನಿಗೆ ಮೋಸವಾದರೆ ನೂರೈವತ್ತು ಕಿಲೋಮೀಟರ್ ದೂರದ ಆ ಠಾಣೆಗೆ ಬಸ್ಸು ಹತ್ತಿ ಹೋಗುವುದು ಎಷ್ಟು ಕಷ್ಟವೆಂಬುದನ್ನು ನಾನು ಹೇಳಬೇಕಿಲ್ಲ. ಅಷ್ಟೇ ಅಲ್ಲದೆ, ಆ ಕಾಯಿದೆಯ ಅಪರಾಧಗಳನ್ನು ಡಿ.ವೈ.ಎಸ್.ಪಿ. ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿರಲಿಲ್ಲ. ಮಧುಗಿರಿಯಂತಹ ಒಂದು ಉಪವಿಭಾಗಕ್ಕೆ ಅಂತಹ ಅಧಿಕಾರಿ ಒಬ್ಬರೇ. 2009ರ ಅಕ್ಟೋಬರ್‌ನಲ್ಲಿ ತಿದ್ದುಪಡಿ ಜಾರಿಗೆ ಬಂದ ಮೇಲೆ ಇನ್ಸ್‌ಪೆಕ್ಟರ್‌ಗಳಿಗೂ ಆ ಅಧಿಕಾರ ದೊರೆಯಿತು. ಮುಂದೆ ತುಮಕೂರೂ ಸೇರಿದಂತೆ ಜಿಲ್ಲೆಗಳಲ್ಲಿ ಸಿ.ಇ.ಎನ್. ಪೊಲೀಸ್ ಠಾಣೆಗಳು ಬಂದವು. ಇಂಟರ್‌ನೆಟ್ ಅಪರಾಧ, ಆರ್ಥಿಕ ಅಪರಾಧ ಮತ್ತು ಮಾದಕ ವಸ್ತುಗಳ ಪ್ರಕರಣಗಳನ್ನು ಇವು ನೋಡಿಕೊಳ್ಳುತ್ತವೆ.

ಠಾಣೆ ಹತ್ತಿರ ಬಂದಿತು. ಆದರೆ ಜಾಡು ಎಲ್ಲಿದೆ? ಇದೇ ನಮ್ಮ ಪ್ರಶ್ನೆಯ ತಿರುಳು.

ಇಂಟರ್‌ನೆಟ್‌ನಲ್ಲಿ ಜಾಡು ಇರುವುದಿಲ್ಲವೆಂದು ಕೆಲವರು ಭಾವಿಸಿದ್ದಾರೆ. ಅದು ಸರಿಯಲ್ಲ. ಜಾಡು ನೆಲದ ಮೇಲಿನದಕ್ಕಿಂತ ಹೆಚ್ಚಾಗಿಯೇ ಇರುತ್ತದೆ. ಪ್ರತಿ ಸಂಪರ್ಕಕ್ಕೂ ಐ.ಪಿ. ವಿಳಾಸವೆಂಬ ಒಂದು ಸಂಖ್ಯೆ ಇರುತ್ತದೆ. ಆದರೆ ಆ ಜಾಡು ಬಿದ್ದಿರುವುದು ನಮ್ಮ ಊರಿನ ಹೊಲದಲ್ಲಿ ಅಲ್ಲ. ಖಾಸಗಿ ಕಂಪನಿಗಳ ದಾಖಲೆಗಳಲ್ಲಿ. ಬೆಳಿಗ್ಗೆ ಒಬ್ಬರಿಗೆ ಕೊಟ್ಟ ಸಂಖ್ಯೆಯನ್ನು ಸಂಜೆ ಇನ್ನೊಬ್ಬರಿಗೆ ಕೊಡುತ್ತಾರೆ. ಮೊಬೈಲ್ ಫೋನುಗಳ ವಿಷಯದಲ್ಲಂತೂ ಸಾವಿರಾರು ಗ್ರಾಹಕರು ಏಕಕಾಲದಲ್ಲಿ ಒಂದೇ ಸಂಖ್ಯೆಯ ಹಿಂದೆ ಇರುವುದುಂಟು. ಒಂದು ಬೀದಿಯ ಎಲ್ಲ ಮನೆಗಳಿಗೂ ಒಂದೇ ಬಾಗಿಲು ಸಂಖ್ಯೆ ಕೊಟ್ಟಂತೆ. ಯಾವ ನಿಮಿಷ, ಯಾವ ಸೆಕೆಂಡು ಎಂಬುದು ತಪ್ಪಿದರೆ ಬೇರೆಯವರ ಮನೆಯ ಬಾಗಿಲು ತಟ್ಟಿದಂತಾಗುತ್ತದೆ.

ಹೀಗೆ ತಟ್ಟಿದ್ದೂ ಉಂಟು. 2007ರ ಆಗಸ್ಟ್‌ನಲ್ಲಿ ಪುಣೆಯ ಪೊಲೀಸರು ಬೆಂಗಳೂರಿನ ಒಬ್ಬ ತರುಣ ಸಾಫ್ಟ್‌ವೇರ್ ಉದ್ಯೋಗಿಯನ್ನು ಮನೆಯಿಂದ ಬಂಧಿಸಿ ಕರೆದೊಯ್ದರು. ಆರ್ಕುಟ್ ಎಂಬ ಅಂದಿನ ಜನಪ್ರಿಯ ತಾಣದಲ್ಲಿ ಶಿವಾಜಿ ಮಹಾರಾಜರನ್ನು ಅವಮಾನಿಸುವ ಚಿತ್ರಗಳನ್ನು ಹಾಕಿದನೆಂಬುದು ಆರೋಪ. ಆಧಾರವಾಗಿ ಇದ್ದದ್ದು ಒಂದು ಐ.ಪಿ. ವಿಳಾಸ. ಅದು ಅವನದ್ದಲ್ಲವೆಂದು, ಸೇವೆ ಒದಗಿಸಿದ ಕಂಪನಿ ಕೊಟ್ಟ ಮಾಹಿತಿಯೇ ತಪ್ಪಾಗಿತ್ತೆಂದು ತಿಳಿದು, ಅವನು ಹೊರಬರುವ ಹೊತ್ತಿಗೆ ಸುಮಾರು 50 ದಿನ ಸೆರೆಮನೆಯಲ್ಲಿ ಕಳೆದಿದ್ದ. ತಳವಾರನು ಹೆಜ್ಜೆಯನ್ನು ತಪ್ಪಾಗಿ ಓದಿದರೆ ಊರಿನವರು ಬಂದು ವಾದಿಸಬಹುದಿತ್ತು. "ಆ ದಿನ ಇವನು ಜಾತ್ರೆಯಲ್ಲಿದ್ದ" ಎನ್ನಬಹುದಿತ್ತು. ಸಂಖ್ಯೆಯ ಜಾಡನ್ನು ಕುರಿತು ವಾದಿಸಲು ಎಷ್ಟು ಜನರಿಗೆ ಬರುತ್ತದೆ? ಯಂತ್ರ ಹೇಳಿತು ಎಂದಾಗ ಮನುಷ್ಯನ ಮಾತಿಗೆ ಬೆಲೆ ಇಳಿಯುತ್ತದೆ. ಈ ಪ್ರಕರಣವನ್ನು ನಾನು ಎಂದಿಗೂ ಮರೆಯಲಾರೆ. "ಪೊಲೀಸರು ಏಕೆ ಬೇಗ ಹಿಡಿಯುವುದಿಲ್ಲ?" ಎಂದು ಕೇಳುವಾಗಲೆಲ್ಲ ಬೇಗ ಹಿಡಿಯಲ್ಪಟ್ಟ ಆ ನಿರಪರಾಧಿಯನ್ನೂ ನಾವು ನೆನೆಯಬೇಕು.

ಜಾಡು ಪರದೇಶದಲ್ಲಿದ್ದರೆ ತೊಡಕು ಇನ್ನೂ ಹೆಚ್ಚು. ನಾವು ಬಳಸುವ ಅಂಚೆ, ಹರಟೆ, ಚಿತ್ರಗಳ ತಾಣಗಳಲ್ಲಿ ಬಹುಪಾಲು ಅಮೆರಿಕದ ಕಂಪನಿಗಳವು. ಅಪರಾಧ ವಿಷಯಗಳಲ್ಲಿ ಪರಸ್ಪರ ನೆರವು ನೀಡುವ ಒಪ್ಪಂದಕ್ಕೆ ಭಾರತ ಮತ್ತು ಅಮೆರಿಕಗಳು 2001ರಲ್ಲಿ ಸಹಿ ಹಾಕಿದವು; 2005ರಲ್ಲಿ ಅದು ಜಾರಿಗೆ ಬಂದಿತು. ಆದರೆ ಶಿರಾದ ಒಂದು ಠಾಣೆಯ ಕೋರಿಕೆ ಆ ಒಪ್ಪಂದದ ದಾರಿಯಲ್ಲಿ ಹೋಗಬೇಕಾದರೆ ನ್ಯಾಯಾಲಯ, ದೆಹಲಿ, ಅಲ್ಲಿಂದ ವಾಷಿಂಗ್ಟನ್ ಎಂದು ಮೆಟ್ಟಿಲು ಹತ್ತುತ್ತಾ ಸಾಗಬೇಕು. ದಾಖಲೆಗಳಾದರೋ ಅಷ್ಟು ಕಾಲ ಕಾಯುವುದಿಲ್ಲ. ನಮ್ಮ ದೇಶದಲ್ಲಿ ಕಂಪನಿಗಳು ತಮ್ಮ ಗಣಕಗಳ ದಾಖಲೆಯನ್ನು 180 ದಿನ ಇಟ್ಟುಕೊಳ್ಳಬೇಕೆಂಬ ನಿರ್ದೇಶನ ಬಂದದ್ದೇ 2022ರಲ್ಲಿ. ಗಾಳಿ ಬೀಸಿ ಹೆಜ್ಜೆ ಮುಚ್ಚುವುದೆಂದರೆ ಇಂದಿನ ಅರ್ಥದಲ್ಲಿ ಇದೇ.

ಜಾಡು ಹಿಡಿಯುವುದು ಹೋಗಲಿ, ಅಪರಾಧಿ ಯಾರೆಂಬುದೇ ಸ್ಪಷ್ಟವಾಗದ ಅಪರಾಧಗಳೂ ಹುಟ್ಟಿಕೊಂಡವು. 2012ರ ಆಗಸ್ಟ್‌ನಲ್ಲಿ ಅಸ್ಸಾಮಿನ ಗಲಭೆಗಳ ಬಳಿಕ ಹರಡಿದ ಸಂದೇಶಗಳಿಂದ ಹೆದರಿ ಈಶಾನ್ಯ ರಾಜ್ಯಗಳ ಸಹಸ್ರಾರು ಜನ ಬೆಂಗಳೂರನ್ನು ಬಿಟ್ಟು ಗುವಾಹಟಿಯ ರೈಲುಗಳನ್ನು ಹತ್ತಿದರು. ಅವರಿಗಾಗಿ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಕೇಂದ್ರ ಸರ್ಕಾರ ಕೆಲವು ದಿನಗಳ ಮಟ್ಟಿಗೆ ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್‌.ಎಂ.ಎಸ್. ಕಳುಹಿಸದಂತೆ ತಡೆ ಹಾಕಿತು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ವಾಟ್ಸ್‌ಆ್ಯಪ್‌ನಲ್ಲಿ ಹರಡಿ, ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಕೂಲಿ ಕಾರ್ಮಿಕನೊಬ್ಬನನ್ನೂ, ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನ ತರುಣ ಎಂಜಿನಿಯರೊಬ್ಬನನ್ನೂ ಜನ ಹೊಡೆದು ಕೊಂದರು. ಆ ದಿನಗಳಲ್ಲಿ ಎಲ್ಲೆಡೆ ಹರಿದಾಡಿದ ಒಂದು ದೃಶ್ಯದ ಮೂಲ ಯಾವುದು ಗೊತ್ತೇ? ಮಕ್ಕಳ ಬಗ್ಗೆ ಎಚ್ಚರವಿರಲೆಂದು ಪಾಕಿಸ್ತಾನದ ಕರಾಚಿಯಲ್ಲಿ ತಯಾರಿಸಿದ್ದ ಒಂದು ಜಾಹೀರಾತು. ಮಗುವನ್ನು ಹಿಂದಿರುಗಿಸಿ ನೀತಿ ಹೇಳುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಕತ್ತರಿಸಿದವನು ಒಬ್ಬ, ಕಳುಹಿಸಿದವರು ಲಕ್ಷ, ಹೊಡೆದವರು ಆ ಬೀದಿಯ ಜನ. ಪೊಲೀಸರ ಕೈಗೆ ಸಿಕ್ಕುವವರು ಬೀದಿಯ ಜನ ಮಾತ್ರ. 2016ರಿಂದ ವಾಟ್ಸ್‌ಆ್ಯಪ್ ಸಂದೇಶಗಳು ಕಳುಹಿಸಿದವರಿಗೂ ಪಡೆದವರಿಗೂ ಮಾತ್ರ ಓದಲು ಬರುವಂತೆ ಬೀಗ ಹಾಕಿರುತ್ತವೆ. ಮೊದಲು ಕಳುಹಿಸಿದವರನ್ನು ತೋರಿಸಿಕೊಡಬೇಕೆಂದು 2021ರಲ್ಲಿ ಸರ್ಕಾರ ನಿಯಮ ಮಾಡಿದಾಗ ಕಂಪನಿ ಅದನ್ನು ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿತು. ನಮ್ಮ ನಿಮ್ಮ ಗೃಹಕೃತ್ಯದ ಮಾತುಗಳನ್ನು ಕಾಯುವ ಬೀಗವೂ ಅದೇ, ಕೊಲೆಗೆ ಕಾರಣನಾದವನನ್ನು ಕಾಯುವ ಬೀಗವೂ ಅದೇ. ಒಂದನ್ನು ಒಡೆಯದೆ ಇನ್ನೊಂದನ್ನು ಒಡೆಯಲಾಗದು.

ಅಧ್ಯಾಪಕನಾದ ನನ್ನ ಮನಸ್ಸಿಗೆ ಹೆಚ್ಚು ನೋವಾದದ್ದು 2016ರ ದ್ವಿತೀಯ ಪಿ.ಯು.ಸಿ. ರಸಾಯನಶಾಸ್ತ್ರದ ಪ್ರಕರಣದಿಂದ. ಮಾರ್ಚ್ 21ರಂದು ನಡೆದ ಪರೀಕ್ಷೆಯ ಪ್ರಶ್ನೆಗಳು ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ್ದವು. ಪರೀಕ್ಷೆ ರದ್ದಾಯಿತು. ಮರುಪರೀಕ್ಷೆಯನ್ನು ಮಾರ್ಚ್ 31ಕ್ಕೆ ಇಟ್ಟರೆ ಆ ಪತ್ರಿಕೆಯೂ ಸೋರಿ, ಅಂದು ಬೆಳಿಗ್ಗೆಯೇ ಮತ್ತೆ ರದ್ದಾಯಿತು. ಕೊನೆಗೆ ಏಪ್ರಿಲ್ 12ರಂದು ಪರೀಕ್ಷೆ ನಡೆಯಿತು. ಪ್ರಶ್ನೆಪತ್ರಿಕೆ ಕದಿಯುವುದು ಹೊಸದೇನಲ್ಲ. ಆದರೆ ಹಿಂದೆ ಒಂದು ಊರಿನಲ್ಲಿ ಸೋರಿದ್ದು ಆ ಊರಿನಲ್ಲಿಯೇ ಉಳಿಯುತ್ತಿತ್ತು; ಒಂದು ಕೇಂದ್ರದ ಪರೀಕ್ಷೆಯನ್ನು ಮತ್ತೆ ಮಾಡಿದರೆ ಸಾಕಿತ್ತು. ಈಗ ಒಂದು ಹಾಳೆಯ ಚಿತ್ರ ಅರ್ಧ ಗಂಟೆಯಲ್ಲಿ ಬೀದರಿನಿಂದ ಚಾಮರಾಜನಗರದವರೆಗೆ ಹೋಗುತ್ತದೆ. ಕದ್ದವರು ಕೆಲವರೇ ಆದರೂ ಮೂರು ಸಲ ಓದಿ ಸಿದ್ಧರಾಗಬೇಕಾದ ದಂಡನೆ ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ. ಪಾವಗಡದ ಹಳ್ಳಿಯಲ್ಲಿ ರಾತ್ರಿಯೆಲ್ಲ ಓದಿ, ಬೆಳಗಿನ ಮೊದಲ ಬಸ್ಸು ಹಿಡಿದು ಬಂದ ಹುಡುಗಿಗೆ ವಾಟ್ಸ್‌ಆ್ಯಪ್ ಎಂದರೇನೆಂದೇ ಗೊತ್ತಿರಲಿಕ್ಕಿಲ್ಲ. ಆದರೂ ಅವಳ ಬೆವರಿಗೆ ಬೆಲೆಯಿಲ್ಲದಂತಾಯಿತು. ಇಂತಹ ಅಪರಾಧದಲ್ಲಿ ಎಲ್ಲೆಯ ಜೊತೆಗೆ ಪ್ರಮಾಣವೂ ಅಳಿಸಿಹೋಗುತ್ತದೆ.

ಹಿಡಿದ ಮೇಲೆ ಸಾಕ್ಷ್ಯದ ಪ್ರಶ್ನೆ. ಹಿಂದೆ ಶಾನುಭೋಗರು ಕಡತದಲ್ಲಿ ಲೆಕ್ಕ ಬರೆಯುತ್ತಿದ್ದರು. ಬಟ್ಟೆಗೆ ಇದ್ದಿಲಿನ ಪುಡಿ ಮತ್ತು ಅಂಟನ್ನು ಬಳಿದು ಮಡಿಸಿದ ಕಪ್ಪು ಪುಸ್ತಕವದು. ಬಳಪದಿಂದ ಬರೆದು, ಬೇಡವಾದರೆ ಅಳಿಸಿ ಮತ್ತೆ ಬರೆಯಬಹುದಿತ್ತು. ಹಾಗಾಗಿ ಕಡತದ ಲೆಕ್ಕವನ್ನು ನಂಬುವುದೆಂದರೆ ಶಾನುಭೋಗರನ್ನೇ ನಂಬುವುದಾಗಿತ್ತು. ಕಂಪ್ಯೂಟರಿನ ದಾಖಲೆಯೂ ಒಂದು ಬಗೆಯ ಕಡತವೇ. ಅಳಿಸಿ ಬರೆದರೆ ಗುರುತು ಕಾಣದು. 1872ರ ಸಾಕ್ಷ್ಯ ಕಾಯಿದೆಗೆ 2000ದಲ್ಲಿ ಸೇರಿಸಿದ 65ಬಿ ಎಂಬ ಪ್ರಕರಣವು ಇದಕ್ಕಾಗಿ ಒಂದು ಪ್ರಮಾಣಪತ್ರವನ್ನು ಕೇಳಿತು. ಆ ಪತ್ರವಿಲ್ಲದ ಪ್ರತಿಯನ್ನು ಸಾಕ್ಷ್ಯವಾಗಿ ಒಪ್ಪಲಾಗದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತು, 2020ರಲ್ಲಿ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಹ್ಯಾಶ್ ಎಂಬ ಅಂಕಿಯ ಮುದ್ರೆಯನ್ನೂ ಪತ್ರದಲ್ಲಿ ನಮೂದಿಸಬೇಕು. ದಾಖಲೆಯಲ್ಲಿ ಒಂದು ಅಕ್ಷರ ಬದಲಾದರೂ ಈ ಮುದ್ರೆ ಬದಲಾಗಿಬಿಡುತ್ತದೆ. ಒಳ್ಳೆಯ ನಿಯಮವೇ ಸರಿ. ಆದರೆ ಗಾಬರಿಯಲ್ಲಿ ಸಂದೇಶಗಳನ್ನೆಲ್ಲ ಅಳಿಸಿಬಿಟ್ಟು ಠಾಣೆಗೆ ಹೋದವನಿಗೆ ಯಾವ ಮುದ್ರೆ ಹಾಕಿಕೊಟ್ಟಾರು?

ಇದೆಲ್ಲ ಬೆಂಗಳೂರಿನ ಕಥೆ, ನಮ್ಮ ಬಯಲುಸೀಮೆಗೆ ಸಂಬಂಧವಿಲ್ಲ ಎಂದು ತಿಳಿಯಬೇಡಿ. ಬಿಟ್‌ಕಾಯಿನ್ ಎಂಬ ಕಣ್ಣಿಗೆ ಕಾಣದ ನಾಣ್ಯದ ಕಳ್ಳತನದ ಮೊಕದ್ದಮೆಯೊಂದು 2017ರಲ್ಲಿ ದಾಖಲಾದದ್ದು ನಮ್ಮ ಜಿಲ್ಲಾ ಕೇಂದ್ರವಾದ ತುಮಕೂರಿನ ಠಾಣೆಯಲ್ಲಿಯೇ. ಯುನೊಕಾಯಿನ್ ಎಂಬ ಕಂಪನಿಯ 60.6 ಬಿಟ್‌ಕಾಯಿನ್‌ಗಳು, ಅಂದಿನ ಲೆಕ್ಕದಲ್ಲಿ 1.14 ಕೋಟಿ ರೂಪಾಯಿ ಬಾಳುವಂಥವು, ಕಳುವಾಗಿದ್ದವು. 2023ರಲ್ಲಿ ಸರ್ಕಾರ ಬಿಟ್‌ಕಾಯಿನ್ ಹಗರಣದ ತನಿಖೆಗೆ ವಿಶೇಷ ತಂಡವನ್ನು ರಚಿಸಿದ ಮೇಲೆ, 2024ರ ಮೇ ತಿಂಗಳಲ್ಲಿ ಈ ಪ್ರಕರಣದ ಆರೋಪಿಯ ಬಂಧನವಾಯಿತು. ಆರೋಪ ನಿಜವೋ ಸುಳ್ಳೋ ಎಂಬುದನ್ನು ನ್ಯಾಯಾಲಯ ಹೇಳಬೇಕು. ನಾನು ಗಮನ ಸೆಳೆಯುವುದು ಏಳು ವರ್ಷದ ಅಂತರದ ಕಡೆಗೆ. ಬಿಟ್‌ಕಾಯಿನ್‌ನ ಜಾಡು ಎಂದಿಗೂ ಅಳಿಯುವುದಿಲ್ಲ. ಯಾವ ಚೀಲದಿಂದ ಯಾವ ಚೀಲಕ್ಕೆ ಹೋಯಿತೆಂಬುದನ್ನು ಜಗತ್ತಿನ ಯಾರಾದರೂ ನೋಡಬಹುದು. ಆದರೆ ಚೀಲದ ಮೇಲೆ ಹೆಸರಿಲ್ಲ. ಹೆಜ್ಜೆ ಕಾಣುತ್ತದೆ, ಕಾಲು ಯಾರದೆಂದು ಕಾಣುವುದಿಲ್ಲ. ಅಷ್ಟೇ ಅಲ್ಲ, ಇದೇ ಹಗರಣದ ಹಿಂದಿನ ತನಿಖೆಯಲ್ಲಿದ್ದ ಪೊಲೀಸ್ ಅಧಿಕಾರಿಗಳ ಮೇಲೆಯೇ ಸಾಕ್ಷ್ಯ ತಿರುಚಿದ ಆರೋಪ ಬಂದಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆಯ ಭಯ ಈ ಕಾಲದಲ್ಲಿಯೂ ತಪ್ಪಿದ್ದಲ್ಲ.

ಈಗ ಆರಂಭದ ಪ್ರಶ್ನೆಗೆ ಬರುತ್ತೇನೆ. ನಂಬರು ಇದೆ, ಖಾತೆ ಇದೆ; ಕಳ್ಳ ಏಕೆ ಸಿಕ್ಕುವುದಿಲ್ಲ? ಏಕೆಂದರೆ ಆ ಸಿಮ್ ಕಾರ್ಡು ಇನ್ನಾರದೋ ಹೆಸರಿನದು. ಆ ಖಾತೆ ಎಲ್ಲಿಯೋ ಒಬ್ಬ ಕೂಲಿಗಾರನದೋ ಕಾಲೇಜು ಹುಡುಗನದೋ ಆಗಿರುತ್ತದೆ. ಕೆಲವು ಸಾವಿರ ರೂಪಾಯಿಗಳ ಆಸೆಗೆ ತನ್ನ ಪಾಸ್‌ಬುಕ್ಕು, ಎ.ಟಿ.ಎಂ. ಕಾರ್ಡುಗಳನ್ನು ಬೇರೆಯವರಿಗೆ ಒಪ್ಪಿಸಿರುತ್ತಾನೆ. ಹಣ ಅಲ್ಲಿ ನಿಲ್ಲುವುದು ಕೆಲವೇ ನಿಮಿಷ. ಅಲ್ಲಿಂದ ಐದು ಖಾತೆ, ಐದರಿಂದ ಇಪ್ಪತ್ತೈದು. ಕೊನೆಗೆ ಯಾವುದೋ ಊರಿನ ಎ.ಟಿ.ಎಂ.ನಲ್ಲಿ ನಗದಾಗಿ ಹೊರಬರುತ್ತದೆ ಅಥವಾ ಬಿಟ್‌ಕಾಯಿನ್‌ನಂತಹ ನಾಣ್ಯವಾಗಿ ಸಮುದ್ರ ದಾಟುತ್ತದೆ. ಮಾತನಾಡಿದವನು ಕಾಂಬೋಡಿಯಾದಲ್ಲಿಯೋ ಮ್ಯಾನ್ಮಾರ್‌ನಲ್ಲಿಯೋ ಇರುವ ಮೋಸದ ಕೇಂದ್ರದಲ್ಲಿ ಕುಳಿತಿರಬಹುದು. ಉದ್ಯೋಗದ ಆಸೆ ತೋರಿಸಿ ಕರೆದೊಯ್ದು, ಬಲವಂತದಿಂದ ಈ ಕೆಲಸಕ್ಕೆ ಹಚ್ಚಿದ ಭಾರತೀಯ ತರುಣರೂ ಅಲ್ಲಿಂದ ಬಿಡುಗಡೆಯಾಗಿ ಬಂದಿದ್ದಾರೆ. ಎಲ್ಲೆಕಲ್ಲಿನ ಆಚೆಗೆ ಹೊಣೆ ಹೊರುವ ತಳವಾರ ಇರುತ್ತಾನೆಂಬ ಹಳೆಯ ನಂಬಿಕೆ ಮುರಿದು ಬೀಳುವುದು ಇಲ್ಲಿಯೇ.

ಇದರ ಗಾತ್ರವೂ ಸಣ್ಣದಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಕಚೇರಿಯ ಲೆಕ್ಕದಂತೆ 2023ರಲ್ಲಿ ದೇಶದಲ್ಲಿ ದಾಖಲಾದ ಸೈಬರ್ ಅಪರಾಧಗಳು 86,420. ಅವುಗಳಲ್ಲಿ 21,889 ಕರ್ನಾಟಕದವು, ಎಲ್ಲ ರಾಜ್ಯಗಳಿಗಿಂತ ಹೆಚ್ಚು. 2024ರಲ್ಲಿ ದೇಶದ ಜನ ಇಂತಹ ಮೋಸಗಳಿಂದ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ ಎಂದು ಕೇಂದ್ರ ಸರ್ಕಾರವೇ ಲೋಕಸಭೆಗೆ ತಿಳಿಸಿದೆ.

ನನ್ನೊಡನೆ ಬಹುಕಾಲ ದುಡಿದ ನಿವೃತ್ತ ಸಹೋದ್ಯೋಗಿಯೊಬ್ಬರು ಹೀಗೆಯೇ ಹಣ ಕಳೆದುಕೊಂಡರು. ಪೊಲೀಸ್ ಸಮವಸ್ತ್ರ ಧರಿಸಿದವನೊಬ್ಬ ವಿಡಿಯೋ ಕರೆಯಲ್ಲಿ ಬಂದು, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನೀವೀಗ ಡಿಜಿಟಲ್ ಬಂಧನದಲ್ಲಿದ್ದೀರಿ, ಯಾರಿಗೂ ತಿಳಿಸುವಂತಿಲ್ಲ ಎಂದು ಬೆದರಿಸಿದನಂತೆ. ಬದುಕಿನುದ್ದಕ್ಕೂ ಒಂದು ಬಿಡಿಗಾಸಿಗೂ ಕೈಯೊಡ್ಡದ ಮನುಷ್ಯ, ಮರ್ಯಾದೆಗೆ ಹೆದರಿದರು. ಹಣ ಹೋದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು, ಅವರು ಮೂರು ದಿನ ಹೆಂಡತಿಗೂ ಮಕ್ಕಳಿಗೂ ಹೇಳದೆ ಒಬ್ಬರೇ ಕೊರಗಿದ್ದು. "ನಾನು ಮೇಷ್ಟ್ರಾಗಿ ಮೋಸಹೋದೆನೆಂದು ಹೇಗೆ ಹೇಳಲಿ?" ಎಂದರು. ಆ ಮೂರು ದಿನಗಳಲ್ಲಿಯೇ ಗಾಳಿ ಬೀಸಿ ಹೆಜ್ಜೆಗಳೆಲ್ಲ ಮುಚ್ಚಿಹೋಗಿದ್ದವು. ಹೊಸ ಕಾಲದ ಕಳ್ಳನಿಗೆ ಇಂಟರ್‌ನೆಟ್‌ಗಿಂತ ಹೆಚ್ಚಿನ ನೆರವು ನೀಡುವುದು ನಮ್ಮ ಈ ನಾಚಿಕೆ.

ಡಿಜಿಟಲ್ ಬಂಧನವೆಂಬುದು ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ. ವಿಜಯಪುರದ ನಾಗರಿಕರೊಬ್ಬರು ಇಂತಹ ಕರೆ ಬಂದಾಗ ಹೆದರದೆ, ಆ ಸಂಭಾಷಣೆಯನ್ನೇ ಚಿತ್ರೀಕರಿಸಿಟ್ಟುಕೊಂಡರು. 2024ರ ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಪ್ರಧಾನಮಂತ್ರಿಗಳು ಅದನ್ನು ದೇಶಕ್ಕೆಲ್ಲ ಕೇಳಿಸಿದರು. ಹೆದರಿಕೆ ಬಿಟ್ಟು ಒಂದು ಕ್ಷಣ ನಿಂತು ಯೋಚಿಸಿದ ಒಬ್ಬ ಸಾಮಾನ್ಯ ಕನ್ನಡಿಗನಿಂದ ಕೋಟ್ಯಂತರ ಜನರಿಗೆ ಪಾಠವಾಯಿತು.

ಇನ್ನು, ಮೋಸ ನಡೆದೇಹೋದರೆ ಮಾಡಬೇಕಾದದ್ದು ತಳವಾರನ ಹಳೆಯ ಕೆಲಸವೇ: ಗಾಳಿ ಬೀಸುವ ಮೊದಲು ಹೊರಡುವುದು. 2021ರಲ್ಲಿ ಆರಂಭವಾದ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ ಈಗ 1930. ಅಲ್ಲಿಗೆ ಕರೆ ಮಾಡಿದ ಕೂಡಲೇ ದೂರು ಬ್ಯಾಂಕಿನಿಂದ ಬ್ಯಾಂಕಿಗೆ ಹೋಗಿ, ಹಣ ಯಾವ ಖಾತೆಯಲ್ಲಿ ಇನ್ನೂ ಉಳಿದಿದೆಯೋ ಅಲ್ಲಿಯೇ ಅದನ್ನು ತಡೆಹಿಡಿಯುತ್ತಾರೆ. ಒಂದು ಊರಿನ ತಳವಾರ ಮುಂದಿನ ಊರಿನವನನ್ನು ಕೂಗಿ ಎಬ್ಬಿಸಿದಂತೆ. ಕಳ್ಳ ಸಿಕ್ಕದಿದ್ದರೂ ಮಾಲು ಸಿಕ್ಕಬಹುದು. ಮೊದಲ ಗಂಟೆ ಕಳೆದಷ್ಟೂ ಆ ಸಾಧ್ಯತೆ ಇಳಿಯುತ್ತದೆ. ಠಾಣೆಯ ಸರಹದ್ದಿನ ಚಿಂತೆಯೂ ಬೇಡ. 2024ರ ಜುಲೈನಿಂದ ಜಾರಿಯಲ್ಲಿರುವ ಹೊಸ ಸಂಹಿತೆಯಂತೆ ಅಪರಾಧ ಎಲ್ಲಿಯೇ ನಡೆದಿದ್ದರೂ ಯಾವ ಠಾಣೆಯಲ್ಲಿ ಬೇಕಾದರೂ ಮಾಹಿತಿ ಕೊಡಬಹುದು. ಎಲ್ಲೆಕಲ್ಲನ್ನು ದಾಟಲು ಕಾನೂನು ಕಳ್ಳನಿಗಿಂತ ತಡವಾಗಿಯಾದರೂ ಕಲಿಯಿತು.

ಈ ಅವಸರಕ್ಕೂ ಒಂದು ಬೆಲೆ ಇದೆ. ಕದ್ದ ಹಣದ ಒಂದು ತುಣುಕು ಬಂದು ಬಿದ್ದದ್ದಕ್ಕೆ ಏನೂ ಅರಿಯದ ಅಂಗಡಿಯವನ ಇಡೀ ಖಾತೆಯನ್ನು ತಡೆಹಿಡಿದ ಪ್ರಕರಣಗಳು ಹಲವು ರಾಜ್ಯಗಳಲ್ಲಿ ನಡೆದಿವೆ. ಸಂಶಯದ ಮೊತ್ತವನ್ನು ಮಾತ್ರ ತಡೆಹಿಡಿಯಬೇಕೆಂದು 2023ರಲ್ಲಿ ಕೇರಳ ಉಚ್ಚ ನ್ಯಾಯಾಲಯ ಹೇಳಿತು. 2007ರ ತರುಣನ 50 ದಿನಗಳೂ ಈ ಅಂಗಡಿಯವನ ಮುಚ್ಚಿದ ಖಾತೆಯೂ ಕಲಿಸುವ ಪಾಠ ಒಂದೇ. ಜಾಡು ಹಿಡಿದು ಓಡುವಾಗ ಎಷ್ಟು ವೇಗ ಬೇಕೋ, ಒಬ್ಬನ ಮನೆಯ ಬಾಗಿಲು ತಟ್ಟುವಾಗ ಅಷ್ಟೇ ನಿಧಾನ ಬೇಕು. ತನಿಖೆಯೆಂದರೆ ಈ ಎರಡನ್ನೂ ಒಟ್ಟಿಗೆ ನಿಭಾಯಿಸುವ ವಿದ್ಯೆ. ನನ್ನ ವಿದ್ಯಾರ್ಥಿಗಳಲ್ಲಿ ಪೊಲೀಸ್ ಇಲಾಖೆಯಲ್ಲಿರುವವರು ಈ ಮಾತನ್ನು ಗಮನಿಸಬೇಕಾಗಿ ಕೋರುತ್ತೇನೆ.

ಉಳಿದವರಿಗೆ ಮೇಷ್ಟ್ರ ಸಲುಗೆಯಿಂದ ಎರಡು ಮಾತು. ನಿಮ್ಮ ಮಕ್ಕಳು ಕಾಲೇಜಿನಲ್ಲಿದ್ದರೆ, ಬ್ಯಾಂಕಿನ ಖಾತೆಯನ್ನೂ ಸಿಮ್ ಕಾರ್ಡನ್ನೂ ಯಾರಿಗೂ ಬಾಡಿಗೆಗೆ ಕೊಡಬಾರದೆಂದು ಇಂದೇ ಹೇಳಿ. ನಿಮ್ಮ ಮನೆಯಲ್ಲಿ ನನ್ನ ವಯಸ್ಸಿನವರಿದ್ದರೆ, ಮೋಸಹೋದರೂ ನಾವು ಬಯ್ಯುವುದಿಲ್ಲ, ಮೊದಲು ನಮಗೆ ಹೇಳಿ ಎಂಬ ಭರವಸೆಯನ್ನು ಅವರಿಗೆ ಕೊಡಿ. 1930 ಎಂಬ ಸಂಖ್ಯೆಯನ್ನು ಅವರ ದೂರವಾಣಿಯ ಬಳಿ ದಪ್ಪ ಅಕ್ಷರಗಳಲ್ಲಿ ಬರೆದು ಅಂಟಿಸಿ.